ಅಳಿಸಬೇಕಿದ್ದ ದನಿ

ಸೊಲ್ಲಾಪುರ ರಸ್ತೆಯಲ್ಲಿ ಹಳೆಯ ಟೈರಿಗೆ ರಬ್ಬರು ಏರಿಸುವ ಅಂಗಡಿಯೊಂದರ ಮೇಲೆ ನನ್ನ ಸ್ಟುಡಿಯೊ ಇದೆ. ಕೆಳಗೆ ಕಂಪ್ರೆಸರ್ ಓಡಿದರೆ ಮೇಲೆ ನೆಲ ನಡುಗುತ್ತದೆ. ಹಾಗಾಗಿ ದನಿ ಹಿಡಿಯುವ ಕೆಲಸವೆಲ್ಲ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಮುಗಿಯಬೇಕು. ಭಜನೆ, ಕೋಚಿಂಗ್ ಕ್ಲಾಸಿನ ಜಾಹೀರಾತು, ಚುನಾವಣೆ ಬಂದರೆ ಆಟೊದ ಮೇಲೆ ಕೂಗುವ ಪ್ರಚಾರ, ಇಷ್ಟೇ ನನಗೆ ಗೊತ್ತಿದ್ದ ಲೋಕ. ಒಂದು ದಿನ ಮೂವರು ಬಂದು, “ಅಕ್ಕಾರ, ನಮ್ಮದು ಹಾರ್ಡ್ ರಾಕ್ ಬ್ಯಾಂಡ್ ಐತ್ರಿ. ಆಲ್ಬಮ್ ಮಾಡೋದೈತಿ,” ಅಂದಾಗ ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಗಿಟಾರ್ ನುಡಿಸುವವನದು ಅದೇ ರಸ್ತೆಯಲ್ಲಿ ಮೋಟರಿಗೆ ವೈಂಡಿಂಗ್ ಮಾಡುವ ಅಂಗಡಿ. ಡ್ರಮ್ ಬಾರಿಸುವವನು ಜಲನಗರದಲ್ಲಿ ಸಾಲಿ ಮಾಸ್ತರ. ಹಾಡುವವನು ಹೊನವಾಡದಿಂದ ಬಸ್ಸಿಗೆ ಬರುತ್ತಿದ್ದ. ಅಲ್ಲಿ ದ್ರಾಕ್ಷಿ ಒಣಗಿಸಿ ಮನೂಕ ಮಾಡುವ ಶೆಡ್ಡಿನಲ್ಲಿ ಅವನಿಗೆ ಕೆಲಸ. ವಯಸ್ಸು ನಲವತ್ತರ ಹತ್ತಿರ, ಬಡಕಲು ಮೈ. ಚಹಾ ಕುಡಿಯುವಾಗ ಮಾತೇ ಆಡದವನು ಮೈಕಿನ ಮುಂದೆ ಬಾಯಿ ತೆರೆದರೆ ಕಲ್ಲಿನ ಮೇಲೆ ಹಾರೆ ಎಳೆದಂತಹ ದನಿ. ಅದರಲ್ಲಿ ಇಂಪು ಇರಲಿಲ್ಲ, ಆದರೆ ಕೇಳಿದವರು ತಲೆ ತಿರುಗಿಸಿ ನೋಡಲೇಬೇಕು. ಹಾಡುಗಳೆಲ್ಲ ಅವನೇ ಬರೆದವು. ಬಾವಿ ತೋಡುವಾಗ ಕಲ್ಲು ಸಿಡಿದು ಕಣ್ಣು ಕಳೆದುಕೊಂಡ ಅಪ್ಪನ ಮೇಲೆ ಒಂದು, ಬುದ್ಧ ವಿಹಾರದ ಮೆಟ್ಟಿಲ ಮೇಲೆ ಕೂತು ಓದಿ ನೌಕರಿ ಸಿಗದ ಗೆಳೆಯನ ಮೇಲೆ ಒಂದು, ಹೀಗೆ ಎಂಟು.

ಈ ತರಹದ ಸಂಗೀತದಲ್ಲಿ ಡ್ರಮ್ಮನ್ನು ಮೊದಲು ಹಿಡಿಯಬೇಕು. ಉಳಿದದ್ದೆಲ್ಲ ಅದರ ಮೇಲೆ ಕೂರುತ್ತದೆ. ನನ್ನ ಕೋಣೆ ಅದಕ್ಕೆ ಸಾಲುತ್ತಿರಲಿಲ್ಲ. ಹಾಡುಗಾರನೇ ತನ್ನ ಗುರುತಿನ ಮೇಲೆ ಟಿಕೋಟಾದಲ್ಲಿ ಮನೂಕ ಇಡುವ ಕೋಲ್ಡ್ ಸ್ಟೋರೇಜಿನ ಒಂದು ಖಾಲಿ ಕೋಣೆ ಕೇಳಿ ತಂದ. ಹೊಸ ಮಾಲು ಬರುವವರೆಗೆ ಅದು ನಮ್ಮದು. ಗೋಡೆ ದಪ್ಪ, ಹೊರಗಿನ ಟ್ರ್ಯಾಕ್ಟರ್ ಸದ್ದು ಒಳಗೆ ಬರುವುದಿಲ್ಲ. ಡ್ರಮ್ಮಿನ ಸುತ್ತ ಮೈಕು ನಿಲ್ಲಿಸಿ, ಗುಂಯ್‌ಗುಟ್ಟುವ ಕಂಚಿನ ತಟ್ಟೆಗಳ ಸದ್ದು ಮುಖಕ್ಕೆ ಬಡಿಯದ ಹಾಗೆ ಸೂರಿನಿಂದ ಕೌದಿ ಇಳಿಬಿಟ್ಟೆ.

ಡ್ರಮ್ ಬಾರಿಸುವವನಿಗೆ ಹಾಡು ಎಲ್ಲಿಗೆ ಬಂತು ಎಂದು ಗೊತ್ತಾಗಲು ಯಾರಾದರೂ ಜೊತೆಗೆ ಹಾಡುತ್ತಿರಬೇಕು. ಅದಕ್ಕೆ ಗೈಡ್ ಟ್ರ್ಯಾಕ್ ಎನ್ನುತ್ತೇವೆ. ದಾರಿ ತೋರಿಸಲು ಹಾಡಿದ್ದು ಅಷ್ಟೇ. ಆಮೇಲೆ ಸ್ಟುಡಿಯೊದಲ್ಲಿ ಶುದ್ಧವಾಗಿ ಹಾಡಿಸಿ, ಹಳೆಯದನ್ನು ಅಳಿಸಿಬಿಡುತ್ತೇವೆ. ಬೇರೆ ಕೋಣೆ ಇಲ್ಲದ್ದರಿಂದ ಹಾಡುಗಾರ ಅದೇ ಕೋಣೆಯ ಮೂಲೆಯಲ್ಲಿ ನಿಂತು ಹಾಡಿದ. ಅವನ ಮೈಕಿನಲ್ಲಿ ಅವನ ದನಿಗಿಂತ ಡ್ರಮ್ಮೇ ಜೋರಾಗಿ ತುಂಬಿಕೊಂಡಿತು. ಅಳಿಸುವುದೇ ಅಲ್ಲವೇ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಕೆಲಸ ಸಲೀಸಾಗಿ ನಡೆಯಲಿಲ್ಲ. ಕರೆಂಟು ಏರಿಳಿದು ಒಂದು ಹಾಡು ಪೂರ್ತಿ ಹಾಳಾಗಿ, ಅದನ್ನು ಮೊದಲಿಂದ ಹಿಡಿಯಬೇಕಾಯಿತು. ಇನ್ನೊಂದರಲ್ಲಿ ಮಾಸ್ತರ ನಡುವೆ ವೇಗ ಹೆಚ್ಚಿಸಿಬಿಟ್ಟ. “ಇದ ನಾ ಮತ್ತೊಮ್ಮಿ ಬಾರಸ್ತೇನ್ರಿ ಅಕ್ಕಾ, ಇದನ್ನ ಮಂದಿ ಕೇಳಿದ್ರ ಮಾರಿ ತೋರಸಾಕ ಆಗಂಗಿಲ್ಲ,” ಅಂದ. ಕಡೆಗೆ ನೋಡೋಣ ಅಂದೆ. ಕೊನೆಯ ದಿನ ಎಂಟನೆಯ ಹಾಡಿಗೆ ಹಾಡುಗಾರನ ದನಿಯೇ ಏಳಲಿಲ್ಲ. “ಶೆಡ್ಡಿನಾಗ ಮನೂಕಕ್ಕ ಬಣ್ಣ ಬರಲಿ ಅಂತ ಗಂಧಕಾ ಸುಡ್ತೀವಲ್ರಿ, ಅದರ ಹೊಗಿ ಕುಂತೈತಿ,” ಅಂತ ಪಿಸುಗುಟ್ಟಿ, ಹಾಡದೆ ಬರೀ ಕೈಸನ್ನೆ ಮಾಡಿ ಮಾಸ್ತರನಿಗೆ ದಾರಿ ತೋರಿಸಿದ. ಆ ಹಾಡಿಗೆ ಡ್ರಮ್ ಮಾತ್ರ ಉಳಿಯಿತು.

ಸ್ಟುಡಿಯೊಗೆ ಮರಳಿ, ಒಬ್ಬಳೇ ಹೆಡ್‌ಫೋನ್ ಹಾಕಿಕೊಂಡು ಗೈಡ್ ಟ್ರ್ಯಾಕುಗಳನ್ನು ಸರಿಮಾಡುತ್ತಿದ್ದೆ. ಸಾಲು ಸಾಲಿನ ನಡುವೆ, ಡ್ರಮ್ ನಿಂತ ಕಡೆಯಲ್ಲಿ, ಸಣ್ಣಗೆ ಸಿಳ್ಳೆಯಂತಹ ಸದ್ದು. ಕೇಬಲ್ ಕೆಟ್ಟಿದೆ ಅಂದುಕೊಂಡೆ. ಮರುದಿನ ಅವನನ್ನು ಕರೆಸಿ ಬೇರೆ ಕೇಬಲ್ ಹಾಕಿ ಹಾಡಿಸಿದೆ. ಸಿಳ್ಳೆ ಇತ್ತು. ಮೈಕು ಬದಲಿಸಿದೆ. ಇತ್ತು. ಕೊನೆಗೆ ಹಾಡಬೇಡ, ಸುಮ್ಮನೆ ನಿಂತು ಉಸಿರಾಡು ಅಂದೆ. ಅವನು ಉಸಿರು ಒಳಗೆ ಎಳೆದಾಗಲೆಲ್ಲ ಆ ಸದ್ದು ಬಂತು. ಸಾಮಾನುಗಳಲ್ಲಿ ಯಾವುದೂ ಕೆಟ್ಟಿರಲಿಲ್ಲ.

“ತಮ್ಮಾ, ಎಷ್ಟ ದಿವಸಾತು ಹಿಂಗಾಗಿ?”

“ಏನಾಗೇತ್ರಿ?”

ಹೆಡ್‌ಫೋನ್ ಅವನ ಕಿವಿಗೆ ಹಾಕಿ ಕೇಳಿಸಿದೆ. ಬಹಳ ಹೊತ್ತು ಕೇಳಿದ. “ರಾತ್ರಿ ನನ್ನ ಹೆಂಡ್ತಿನೂ ಇದನ್ನ ಹೇಳ್ತಿದ್ಲು,” ಅಂದ.

ಜಲನಗರದ ಕ್ಲಿನಿಕ್ಕಿಗೆ ಅವನೊಂದಿಗೆ ನಾನೂ ಹೋದೆ. ಡಾಕ್ಟರು ಮೂಗಿನಿಂದ ಸಣ್ಣ ನಳಿಕೆ ಇಳಿಸಿ, ಪರದೆಯ ಮೇಲೆ ಮತ್ತೆ ಮತ್ತೆ ನೋಡಿದರು. ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಗಂಟಲಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಫಲಿತಾಂಶ ಬಂದ ದಿನ ಅವನ ಹೆಂಡತಿಯೂ ಇದ್ದಳು. ಕ್ಯಾನ್ಸರ್. ಸ್ವರಪೆಟ್ಟಿಗೆಯನ್ನೇ ತೆಗೆಯಬೇಕು, ಮುಂದೆ ಕತ್ತಿನಲ್ಲಿ ಮಾಡಿದ ರಂಧ್ರದಿಂದ ಉಸಿರಾಡಬೇಕು ಎಂದು ಅಲ್ಲಿಯ ಸರ್ಜನ್ ಬಿಡಿಸಿ ಹೇಳಿದರು.

“ಗಂಧಕದ ಹೊಗಿಯಿಂದ ಆತೇನ್ರಿ ಇದು?” ಹಾಡುಗಾರ ಕೇಳಿದ.

“ಹಿಂಗಽ ಅಂತ ಹೇಳಾಕ ಬರಂಗಿಲ್ರಿ. ತಂಬಾಕ ತಿಂತಿದ್ರೇನು?”

“ಮೊದಲ ತಿಂತಿದ್ನಿ. ಬಿಟ್ಟು ಭಾಳ ವರ್ಷಾತು.”

“ಈಗ ಅದನ್ನ ವಿಚಾರ ಮಾಡಿ ಫಾಯದಾ ಇಲ್ಲ. ಉಸಿರಿನ ದಾರಿ ಭಾಳ ಸಣ್ಣ ಆಗೇತಿ. ತಡಾ ಮಾಡಬ್ಯಾಡ್ರಿ.”

ಅವನು ಕೇಳಿದ ಎರಡನೆಯ ಪ್ರಶ್ನೆ, “ಒಂದ ಆಲ್ಬಮ್ ಐತ್ರಿ, ಹಾಡಿ ಬರಲೇನ್ರಿ?” ಎಂಬುದು. ಸರ್ಜನ್‌ಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಬೇಡವೆಂದು ತಲೆ ಅಲ್ಲಾಡಿಸಿದರು.

ಆದರೂ ಅವನು ಹೊನವಾಡದ ಮೊದಲ ಬಸ್ಸಿಗೆ ಸ್ಟುಡಿಯೊಗೆ ಬಂದ. ಆಸ್ಪತ್ರೆಗೆ ಸೇರುವ ದಿನ ಗೊತ್ತಾಗಿತ್ತು. ಅದನ್ನು ಮುಂದೂಡಿ ಎಂಟೂ ಹಾಡು ಹಾಡಿ ಮುಗಿಸುತ್ತೇನೆ ಎಂದು ಹಟ ಹಿಡಿದಿದ್ದ. ಗಿಟಾರಿನವನು ಅವನ ಕಡೆ. ಹಾಡಲು ಹಗುರಾಗಲೆಂದು ತಂತಿಗಳನ್ನೆಲ್ಲ ಇಳಿಸಿ ಶ್ರುತಿ ಮಾಡಿಕೊಂಡು ಬಂದಿದ್ದ. “ಇನ್ನ ಮುಂದ ಎಂದೂ ಹಾಡಾಂವಲ್ಲ ಅಕ್ಕಾ, ಈಗ ಹಾಡ್ಲಿ,” ಅಂದ. ಮಾಸ್ತರ ಬಾಗಿಲ ಹತ್ತಿರವೇ ನಿಂತಿದ್ದ. “ಹಾಡಕೋತ ಸತ್ರ ಏನ್ ಮಾಡ್ತಿಲೇ?” ಅಂದದ್ದಷ್ಟೇ ಅವನ ಮಾತು.

ಹಾಡುಗಾರನ ಹೆಂಡತಿ ಬೆಂಚಿನ ಮೇಲೆ ಕೂತಿದ್ದಳು. ಅವಳನ್ನು ಕೇಳಿದೆ. “ನಾ ಬ್ಯಾಡಂದ್ರ ಆಮ್ಯಾಲೆ ಜೀವಮಾನ ನನ್ನ ಮಾರಿ ನೋಡಂಗಿಲ್ರಿ ಅವ್ರು. ಹೂಂ ಅನ್ನಾಕ ನನಗ ಎದಿ ಇಲ್ಲ. ನೀವ ಏನರ ಹೇಳ್ರಿ ಅಕ್ಕಾರ,” ಅಂದಳು.

ನಾನೂ ಆಗ ನಿರ್ಧರಿಸಿರಲಿಲ್ಲ. ಇದನ್ನು ಹೇಳಬೇಕು. ಅಂಥ ದನಿ ನನ್ನ ಕೋಣೆಗೆ ಮತ್ತೆ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು. ಒಂದು ಹಾಡನ್ನಾದರೂ ಹಿಡಿದಿಡೋಣ ಅನಿಸಿ ಮೈಕು ಕಟ್ಟಿದೆ. ಅಪ್ಪನ ಹಾಡನ್ನು ಶುರು ಮಾಡಿದ. ಮೊದಲ ನುಡಿ ದಾಟಿತು. ಎರಡನೆಯದರಲ್ಲಿ ದನಿ ಮೇಲೇರುವ ಕಡೆ ಅವನು ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದ. ಹಾಡು ಮುಂದೆ ಹೋಯಿತು, ಅವನ ಉಸಿರು ಒಳಗೆ ಬರಲಿಲ್ಲ. ಗಂಟಲ ಕೆಳಗಿನ ಗುಳಿ ಒಳಕ್ಕೆ ಸೆಳೆದುಕೊಂಡು, ತುಟಿ ಬಣ್ಣ ತಿರುಗುತ್ತಿದ್ದುದು ಹಾಡುವ ಕೋಣೆಯ ಗಾಜಿನ ಈಚೆಯಿಂದ ಕಾಣುತ್ತಿತ್ತು. ನಾನು ರೆಕಾರ್ಡಿಂಗ್ ನಿಲ್ಲಿಸಿದೆ.

ಸ್ವಲ್ಪ ಹೊತ್ತು ಬಗ್ಗಿ ನಿಂತು ಸುಧಾರಿಸಿಕೊಂಡು, “ಯಾಕ ನಿಲ್ಲಿಸಿದ್ರಿ?” ಅಂದ.

“ನಿನಗ ಉಸಿರ ಹೋಗವಲ್ದು.”

“ಉಸಿರ ನಂದು. ನೀವು ರೆಕಾರ್ಡ್ ಮಾಡ್ರಿ.”

“ಮಾಡಂಗಿಲ್ಲ ತಮ್ಮಾ.”

“ಇನ್ನೊಂದ ವಾರ ಅಕ್ಕಾ. ಆಮ್ಯಾಲೆ ಅವ್ರು ಏನ್ ಬೇಕಾದ್ದ ಕೊಯ್ಕೊಳ್ಳಿ.”

“ಒಂದ ಹಾಡನೂ ಇಲ್ಲ. ಇವತ್ತಽ ದವಾಖಾನಿಗೆ ಹೋಗು.”

ನಾನು ಒಳಗೆ ಹೋಗಿ ಮೈಕು ಬಿಚ್ಚಿ ಡಬ್ಬಿಗೆ ಹಾಕಿದೆ. ಅವನು ನೋಡುತ್ತ ನಿಂತ. “ನಿಮಗೇನ್ರಿ,” ಅಂದ ಆಮೇಲೆ. “ನಿಮ್ಮ ದನಿ ನಿಮ್ಮ ಹಂತ್ಯಾಕ ಐತಿ. ನಾಳೆ ಮತ್ತ ಯಾವನೋ ಲೀಡರಂದು ಪ್ರಚಾರ ರೆಕಾರ್ಡ್ ಮಾಡ್ಕೋತ ಕೂಡ್ತೀರಿ.” ಅವನ ಸ್ವಂತ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಇದು. ಹೆಂಡತಿ ಅವನ ತೋಳು ಹಿಡಿದು ಮೆಟ್ಟಿಲಿಳಿಸಿದಳು. ಗಿಟಾರಿನವನು ತನ್ನ ಸಾಮಾನು ಕಟ್ಟಿಕೊಂಡು ನನ್ನ ಕಡೆ ನೋಡದೆ ಹೊರಟುಹೋದ. ನಾನು ಮಾಡಿದ್ದು ಸರಿಯೇ ಎಂದು ಆಮೇಲೆ ಯಾವ ಡಾಕ್ಟರನ್ನೂ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಶಸ್ತ್ರಚಿಕಿತ್ಸೆ ಆಯಿತು. ಬದುಕಿದ. ಅದಾದ ಮೇಲೆ ವಿಕಿರಣ ಚಿಕಿತ್ಸೆ ಶುರುವಾಯಿತು. ನಾನು, ಗಿಟಾರಿನವನು, ಮಾಸ್ತರ ಮೂವರೂ ಮತ್ತೆ ಒಂದೆಡೆ ಕೂತದ್ದು ಆಗ. ಅರ್ಧಕ್ಕೆ ನಿಂತ ಆ ಬೆಳಗಿನ ತುಣುಕು ಬಿಟ್ಟರೆ ನಮ್ಮ ಹತ್ತಿರ ಇದ್ದದ್ದು ಏಳು ಹಾಡುಗಳ ಗೈಡ್ ಟ್ರ್ಯಾಕ್ ಮಾತ್ರ, ಡ್ರಮ್ಮಿನ ಸದ್ದಿನಲ್ಲಿ ಅರ್ಧ ಮುಳುಗಿದ ದನಿ.

ಮೊದಲು ಕಂಪ್ಯೂಟರಿನಲ್ಲಿ ದನಿಯನ್ನು ಡ್ರಮ್ಮಿನಿಂದ ಬಿಡಿಸಲು ನೋಡಿದೆ. ಈಗ ಅದಕ್ಕೂ ಸಾಫ್ಟ್‌ವೇರ್ ಇದೆ. ಬಿಡಿಸಿತು, ಆದರೆ ಜೊತೆಗೆ ಒರಟುತನವನ್ನೂ ಕೆರೆದು ತೆಗೆಯಿತು. ಉಳಿದದ್ದು ನೀರೊಳಗೆ ಕೂತು ತಗಡಿನ ಕೊಳವೆಯಲ್ಲಿ ಮಾತಾಡಿದ ಹಾಗೆ. ಯಂತ್ರಕ್ಕೆ ಅವನ ದನಿಯ ಬಹುಭಾಗ ಗದ್ದಲವಾಗಿಯೇ ಕಂಡಿತ್ತು. ಅದನ್ನು ಕೈಬಿಟ್ಟು, ಸಾಲು ಸಾಲಾಗಿ ಕೈಯಿಂದ ಏರಿಸಿ ಇಳಿಸಿ ನೋಡಿದೆ. ದನಿ ಎತ್ತಿದರೆ ಅದರ ಬೆನ್ನಿಗೇ ಡ್ರಮ್ಮೂ ಏಳುತ್ತಿತ್ತು. ಆ ಮೈಕಿನಲ್ಲಿ ಎರಡೂ ಒಂದೇ ಆಗಿಬಿಟ್ಟಿದ್ದವು.

ಅಂದರೆ ಒಂದೇ ದಾರಿ. ದನಿ ಬೇಕಾದರೆ ಅಂದು ಬಾರಿಸಿದ ಡ್ರಮ್ಮನ್ನೇ ಇಟ್ಟುಕೊಳ್ಳಬೇಕು. ಹೊಸದಾಗಿ ಬಾರಿಸಿದರೆ ಹಳೆಯ ಡ್ರಮ್ ದನಿಯ ಹಿಂದೆ ದೆವ್ವದ ಹಾಗೆ ಬೇರೆಯೇ ಬಡಿಯುತ್ತದೆ. ವೇಗ ತಪ್ಪಿದ ಹಾಡೂ ಹಾಗೆಯೇ ಉಳಿಯಬೇಕು. ಮಾಸ್ತರನಿಗೆ ಇದನ್ನು ಹೇಳಿದಾಗ ಅವನು ಕೋಲುಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ.

“ಆ ತಪ್ಪು ಹಂಗಽ ಹೋಗ್ತೈತಿ ಅಂದಂಗಾತು.”

“ಹೂಂ.”

“ಹೋಗ್ಲಿ ಬಿಡ್ರಿ,” ಅಂದ. ಅವನಿಗೆ ಅದು ಹಗುರವಾಗಿರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಗಿಟಾರಿನವನು ಬಾಸ್ ಗಿಟಾರನ್ನೂ ತಾನೇ ನುಡಿಸಿದ. ಓಡುವ ಡ್ರಮ್ಮಿನ ಹಿಂದೆ ತಾನೂ ಓಡಿ, ನಿಂತಲ್ಲಿ ತಾನೂ ನಿಂತು, ಬೆರಳ ತುದಿ ಸುಲಿಯುವವರೆಗೆ ಒಂದೊಂದು ಹಾಡನ್ನು ಕೂರಿಸಿದ. ನನ್ನೊಡನೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಎಷ್ಟೋ ಬೆಳಗುಗಳು ಹೀಗೆ ಕಳೆದವು. ಕೆಳಗೆ ಅಂಗಡಿಯ ಶಟರ್ ಏಳುವ ಸದ್ದು ಕೇಳಿದರೆ ಗಿಟಾರ್ ಕೆಳಗಿಟ್ಟು ಎದ್ದು ಹೋಗುತ್ತಿದ್ದ.

ಏಳು ಹಾಡು ಒಂದು ರೂಪಕ್ಕೆ ಬಂದ ಮೇಲೆ ಮೂವರೂ ಹೊನವಾಡಕ್ಕೆ ಹೋದೆವು. ಹಾಡುಗಾರ ಕತ್ತಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಂಡು ಹೊರಗೆ ಕೂತಿದ್ದ. ಅರ್ಧದಷ್ಟಾಗಿದ್ದ. ನನ್ನನ್ನು ನೋಡಿ ಕೈ ಜೋಡಿಸಿದ, ನಗಲಿಲ್ಲ. ನಾವು ಇದನ್ನು ಅವನಿಗೆ ಕೊಡುವ ಉಡುಗೊರೆ ಅಂದುಕೊಂಡಿದ್ದೆವು. ಸ್ಪೀಕರ್ ಇಟ್ಟು ಮೊದಲ ಹಾಡು ಹಾಕಿದೆ. ಒಳಗಿನಿಂದ ಅವನ ಹೆಂಡತಿ ಹೊಸ್ತಿಲಿಗೆ ಬಂದು ನಿಂತು ಸೆರಗು ಬಾಯಿಗೆ ಹಿಡಿದಳು. ಅವನು ಅರ್ಧ ಹಾಡಿಗೇ ಎದ್ದು ಅಂಗಳದ ಆಚೆ ಹೋದ. ಮರಳಿ ಬಂದು ಮೊಬೈಲಿನಲ್ಲಿ ಬರೆದು ತೋರಿಸಿದ. “ಇದು ಹಾಡಲ್ಲ. ದನಿ ಉಳಿಸಿಕೊಳ್ಳಾಕಂತ ಅರ್ಧ ದನಿಲೆ ಹಾಡೇನಿ. ಪೂರಾ ದನಿಲೆ ಆಮ್ಯಾಲೆ ಹಾಡೋದಿತ್ತು. ಅಳಸ್ರಿ.”

ಪೂರ್ತಿ ದನಿಯ ಆ ಬೆಳಿಗ್ಗೆಯನ್ನು ನಿಲ್ಲಿಸಿದವಳು ನಾನೇ. ಗಿಟಾರಿನವನು ನೆಲ ನೋಡುತ್ತಿದ್ದ. ಮಾತಾಡಿದ್ದು ಮಾಸ್ತರ.

“ನಿನ್ನ ದನಿಯಷ್ಟಽ ಅಲ್ಲಲೇ ಅದರಾಗ ಇರೋದು. ನನ್ನ ತಪ್ಪೂ ಐತಿ. ಊರ ಮಂದಿ ಕೇಳಿ, ಮಾಸ್ತರಗ ತಾಳ ಗೊತ್ತಿಲ್ಲ ಅಂತ ನಗ್ತಾರ. ನಾ ಒಪ್ಪೇನಿ. ನೀ ಒಪ್ಪಂಗಿಲ್ಲ ಅಂದ್ರ ಎಲ್ಲಾ ಅಳಸೂಣು, ಇಲ್ಲೇ, ನಿನ್ನ ಮುಂದಽ.”

ಹಾಡುಗಾರನ ಕತ್ತಿನ ಬಟ್ಟೆ ಉಸಿರಿಗೆ ಏಳುತ್ತ ಇಳಿಯುತ್ತ ಇತ್ತು. ಆಮೇಲೆ ಬರೆದ. ಏಳೂ ಹಾಗೆಯೇ ಇರಲಿ. ಆದರೆ ಎಂಟನೆಯದನ್ನು ಯಾರಾದರೂ ಪೂರ್ತಿ ದನಿಯಲ್ಲಿ ಹಾಡಬೇಕು. ಯಾರೇ ಹಾಡಲಿ, ತಾನೇ ಕಲಿಸಬೇಕು.

ಎಂಟನೆಯದು ಅವನ ಅವ್ವನ ಹಾಡು. ತಲೆಯ ಮೇಲಿನ ಚಪ್ಪರದಲ್ಲಿ ದ್ರಾಕ್ಷಿ ಗೊನೆ ಕತ್ತರಿಸಲು ದಿನವಿಡೀ ಕೈ ಎತ್ತಿ ನಿಲ್ಲುವ ಹೆಂಗಸರ ಹಾಡು. “ಕೈ ಎತ್ತಿ ನಿಂತಾಳ ನಮ್ಮವ್ವ, ಯಾರಿಗೂ ಶರಣಂದಿಲ್ಲ” ಎಂಬುದು ಪಲ್ಲವಿ. ಗಿಟಾರಿನವನು ಬಬಲೇಶ್ವರದ ಒಬ್ಬಳನ್ನು ಹುಡುಕಿದ. ಮದುವೆಗಳ ಆರ್ಕೆಸ್ಟ್ರಾದಲ್ಲಿ ಹಾಡುವವಳು, ಮೊದಲು ತೋಟದ ಕೂಲಿಗೂ ಹೋದವಳು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರಲು ಆಗುವುದಿಲ್ಲ ಅಂದಳು. ಅದಕ್ಕೆ ಲ್ಯಾಪ್‌ಟಾಪು, ಮೈಕು ಹೊತ್ತು ನಾವೇ ಬಬಲೇಶ್ವರಕ್ಕೆ ಹೋದೆವು. ಅವಳ ಮನೆಯ ಒಳಕೋಣೆಯಲ್ಲಿ ಗೋಡೆಗೆ ಹಾಸಿಗೆಗಳನ್ನು ಒರಗಿಸಿ, ಕಿಟಕಿಗೆ ದಪ್ಪ ಚಾದರ ಕಟ್ಟಿ ಜಾಗ ಮಾಡಿದೆ. ಹಾಡುಗಾರ ಹೆಂಡತಿಯೊಂದಿಗೆ ಬಂದ.

ಅವನು ಅಷ್ಟು ಕಠೋರನಾದ ಗುರು ಆಗಬಹುದು ಎಂದು ನಾನು ಎಣಿಸಿರಲಿಲ್ಲ. ಅವಳದು ಒಳ್ಳೆಯ ಕಂಠ, ಆದರೆ ಆರ್ಕೆಸ್ಟ್ರಾದ ರೂಢಿಯಂತೆ ಪ್ರತಿ ಸಾಲಿನ ಕೊನೆಯನ್ನು ಬಳುಕಿಸುತ್ತಿದ್ದಳು. ಬಳುಕಿಸಿದಾಗಲೆಲ್ಲ ಅವನು ಮೇಜು ತಟ್ಟಿ ನಿಲ್ಲಿಸಿದ. ಮೊಬೈಲಿನಲ್ಲಿ ಬರೆದು ತೋರಿಸಿದ. “ಚಂದ ಮಾಡಬ್ಯಾಡ.” ಮತ್ತೆ ಹಾಡಿದಳು. ಮತ್ತೆ ತಟ್ಟಿದ. “ಬೇಡಿಕೋಬ್ಯಾಡ.” ನಡುವೆ ಅತ್ತೆ ಕರೆದರೆ ಹೋಗಿ ಮಗ್ಗಲು ಹೊರಳಿಸಿ ಬರುತ್ತಿದ್ದಳು. ಬಂದು ಮತ್ತೆ ಹಾಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ತುಂಬಿತ್ತು. ಮತ್ತೊಮ್ಮೆ ಮೇಜು ತಟ್ಟಿದಾಗ ಸಿಟ್ಟಿನಿಂದ, “ಹೆಂಗಂತ ತಿಳೀವಲ್ದ್ರಿ ನನಗ! ನೀವಽ ಒಮ್ಮಿ ಹಾಡಿ ತೋರಸ್ರಿ!” ಅಂದುಬಿಟ್ಟಳು.

ಅಂದ ಮೇಲೆ ಅವಳಿಗೆ ಅರಿವಾಗಿ ಕೈ ಬಾಯಿಗೆ ಹೋಯಿತು. ಅವನ ಹೆಂಡತಿ ಅರ್ಧ ಎದ್ದಳು.

ಅವನು ಹೆಂಡತಿಗೆ ಕೂತಿರಲು ಸನ್ನೆ ಮಾಡಿ, ತಾನೇ ಎದ್ದ. ಒಂದು ಹೆಡ್‌ಫೋನ್ ತಗೊಂಡು ಕಿವಿಗೆ ಹಾಕಿಕೊಂಡ. ಹಾಡುವವಳ ಎದುರಿಗೆ, ಮೈಕಿನ ಆಚೆ ಬದಿಗೆ ಹೋಗಿ ನಿಂತು, ನನ್ನ ಕಡೆ ನೋಡಿ ಬೆರಳು ತಿರುಗಿಸಿದ. ಶುರು ಮಾಡು ಎಂದು. ನಾನು ರೆಕಾರ್ಡಿಂಗ್ ಒತ್ತಿದೆ. ಈ ಸಲ ನಿಲ್ಲಿಸುವ ಅಧಿಕಾರ ನನಗಿದೆ ಎಂದು ಅನಿಸಲಿಲ್ಲ.

ಹೆಡ್‌ಫೋನಿನಲ್ಲಿ ಡ್ರಮ್ ಬಂತು, ಮೊದಲೇ ನುಡಿಸಿಟ್ಟ ಗಿಟಾರ್ ಬಂತು. ಅವನು ಬಾಯಿ ತೆರೆದು ಹಾಡಿದ. ಸದ್ದಿಲ್ಲ. ಆದರೆ ಹಾಡಿದ. ಕತ್ತಿನ ನರಗಳು ಉಬ್ಬಿ, ಹಲ್ಲು ಕಾಣುವ ಹಾಗೆ ತುಟಿ ತೆರೆದು, ಕಾಲು ಅಗಲಿಸಿ ನಿಂತು ಒಂದೊಂದು ಅಕ್ಷರವನ್ನೂ ಹೊರಗೆ ನೂಕಿದ. ಕತ್ತಿನ ಬಟ್ಟೆ ಫಟಫಟನೆ ಏಳುತ್ತಿತ್ತು. ಮೊದಲ ಸಾಲಿಗೆ ಅವಳು ನೋಡುತ್ತ ನಿಂತುಬಿಟ್ಟಳು, ಹಾಡಲೇ ಇಲ್ಲ. ಎರಡನೆಯ ಸಾಲಿನಿಂದ ಅವನ ತುಟಿಗೆ ಕಣ್ಣು ನೆಟ್ಟು ಹಿಂಬಾಲಿಸಿದಳು. ಅವನು ಕಡಿದಲ್ಲಿ ಕಡಿದಳು. ಎಲ್ಲೂ ಬಳುಕಲಿಲ್ಲ. ಪಲ್ಲವಿ ಕೊನೆಯ ಸಲ ಬರುವಾಗ ಅವಳ ದನಿ ಒಡೆಯಿತು. ಅವನು ನಿಲ್ಲಲಿಲ್ಲ, ಅವಳೂ ನಿಲ್ಲಲಿಲ್ಲ.

ಹಾಡು ಮುಗಿದ ಮೇಲೆ ಅವನು ಗೋಡೆಗೆ ಒರಗಿಸಿದ್ದ ಹಾಸಿಗೆಗೆ ಬೆನ್ನು ಕೊಟ್ಟು ನಿಂತ. ಹೆಂಡತಿ ಬಟ್ಟೆ ಬದಲಿಸಿದಳು. ಮೊದಲ ಸಾಲು ಬಿಟ್ಟುಹೋಗಿದೆ, ಅವಳು ಉದ್ದಕ್ಕೂ ತಾಳಕ್ಕಿಂತ ಒಂದು ಎಳೆ ಹಿಂದಿದ್ದಾಳೆ, ಇನ್ನೊಮ್ಮೆ ಹಿಡಿಯೋಣವೇ ಎಂದು ನಾನು ಕಸುಬಿನ ಚಟಕ್ಕೆ ಕೇಳಿದೆ. ಅವನು ಬೇಡವೆಂದು ತಲೆ ಅಲ್ಲಾಡಿಸಿದ. ಮೇಜು ತಟ್ಟಲಿಲ್ಲ. ಗಿಟಾರಿನವನು ನನ್ನ ಪಕ್ಕ ಬಂದು ಕೂತು, ಎಷ್ಟೋ ತಿಂಗಳ ಮೇಲೆ ನನ್ನ ಮುಖ ನೋಡಿ, “ಇದ ಸಾಕಲ್ರಿ ಅಕ್ಕಾ?” ಅಂತ ಕೇಳಿದ. ಸಾಕು ಅಂದೆ.

ಆಲ್ಬಮ್ ಹೊರಬಂತು. ಕೇಳಿದವರು ಕಡಿಮೆ. ಮಾಸ್ತರನ ವೇಗದ ತಪ್ಪನ್ನು ಅವನ ಸಾಲಿಯ ಹುಡುಗರೇ ಹಿಡಿದರಂತೆ. ಬ್ಯಾಂಡು ಮತ್ತೆ ಕೂಡಲಿಲ್ಲ. ಶೆಡ್ಡಿನಲ್ಲಿ ಈಗ ಹಾಡುಗಾರನದು ಹೊಗೆಯಿಂದ ದೂರ ಕೂತು ಲೆಕ್ಕ ಬರೆಯುವ ಕೆಲಸ. ತಪಾಸಣೆಗೆಂದು ಇಲ್ಲಿಯ ಆಸ್ಪತ್ರೆಗೆ ಬಂದಾಗ ಒಮ್ಮೊಮ್ಮೆ ಸ್ಟುಡಿಯೊಗೆ ಬಂದು ಚಹಾ ಕುಡಿದು ಹೋಗುತ್ತಾನೆ. ಅಂದು ಬೆಳಿಗ್ಗೆಯ ಸಂಗತಿ ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಈಚೆಗೆ ಅವನ ಹೆಂಡತಿ ಫೋನ್ ಮಾಡಿದ್ದಳು. ಮನೆಯಲ್ಲಿ ಆಲ್ಬಮ್ ಕೇಳುತ್ತಾನೆಯೇ ಎಂದು ವಿಚಾರಿಸಿದೆ.

“ದಿನಾ ಕೇಳ್ತಾರ್ರಿ ಅಕ್ಕಾರ. ಅದೊಂದಽ, ಕಡೀದು. ಉಳಿದ ಏಳು ನಾ ಕೇಳ್ತೇನಿ, ಅವ್ರು ಶೆಡ್ಡಿಗೆ ಹೋದ ಮ್ಯಾಲೆ.”